ರಂಗೋಲಿಯ ಕೆಳಗೆ

ನಾವು ಬೈರಿದೇವರಕೊಪ್ಪದವರು ಎಂದರೆ ಧಾರವಾಡದ ಬೀಗರು ನಮ್ಮನ್ನು ಹುಬ್ಬಳ್ಳಿಯವರೆಂದು ಎಣಿಸುತ್ತಾರೆ. ಹುಬ್ಬಳ್ಳಿಯ ಬಳಗದವರು "ನೀವು ಧಾರವಾಡದ ಕಡೆಯವರಲ್ಲೇನ್ರಿ" ಎನ್ನುತ್ತಾರೆ. 1962ರಲ್ಲಿ ಎರಡೂ ಊರಿಗೆ ಒಂದೇ ಮಹಾನಗರಪಾಲಿಕೆಯಾಯಿತು, ಆದರೆ ನಡುವಿನವರ ಈ ಪಾಡು ಹಾಗೆಯೇ ಉಳಿಯಿತು. ಹುಬ್ಬಳ್ಳಿಯಿಂದ ಉಣಕಲ್ ಕೆರೆ ದಾಟಿ ಧಾರವಾಡದತ್ತ ಹೊರಟರೆ ನವನಗರಕ್ಕಿಂತ ಮೊದಲು ಸಿಗುವ ಊರು ನಮ್ಮದು. ನಾನು ಮದುವೆಯಾಗಿ ಬಂದಾಗ ಹಿತ್ತಲಿನ ಆಚೆ ಜೋಳದ ಹೊಲವಿತ್ತು. ಈಗ ಅಲ್ಲಿ ಮೂರಂತಸ್ತಿನ ಮನೆಗಳು, ಹೆದ್ದಾರಿಯ ನಟ್ಟನಡುವೆ ಸುಂಯ್ ಎಂದು ಓಡುವ ಚಿಗರಿ ಬಸ್ಸು. ಹೊಲದ ಜಾಗಕ್ಕೆ ಮನೆ ಬಂದವು, ಬಯಲಿನ ಜಾಗಕ್ಕೆ ಸಂಡಾಸ ಬಂದವು, ಸಂಡಾಸದ ಹಿಂದೆಯೇ ಒಳಚರಂಡಿ ಬಂತು. ಅದು ಬಂದ ದಿನ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ನೋಡಿದ್ದೆವು. ದೊಡ್ಡ ದೊಡ್ಡ ಸಿಮೆಂಟಿನ ಕೊಳವೆಗಳಿಗೆ ಹಗ್ಗ ಕಟ್ಟಿ ತಗ್ಗಿಗೆ ಇಳಿಸಿದರು, ಮಣ್ಣು ಮುಚ್ಚಿದರು. ಅಲ್ಲಿಗೆ ಅದರ ಯೋಚನೆ ನಮಗೆ ಮುಗಿಯಿತು. ಕಾಣದ ವಸ್ತುವಿನ ಚಿಂತೆ ಮಾಡಲು ಪುರುಸೊತ್ತೆಲ್ಲಿ? ಕಾಣುವ ವಸ್ತುಗಳೇ ಸಾಕಷ್ಟಿದ್ದವು.

ಅದು ಮತ್ತೆ ನೆನಪಾದದ್ದು ಹೋದ ಶ್ರಾವಣದ ಎರಡನೆಯ ಶುಕ್ರವಾರ. ಲಕ್ಷ್ಮಿಯ ವಾರವೆಂದು ಎಂದಿಗಿಂತ ದೊಡ್ಡ ರಂಗೋಲಿ ಹಾಕುವ ಉಮೇದಿನಲ್ಲಿ ಗೇಟಿನ ಹೊರಗೂ ಥಳಿ ಹೊಡೆದೆ. ನೀರು ಯಾವಾಗಲೂ ಇಳಿಜಾರಿಗೆ ಹರಿದು ಎದುರುಮನೆಯವರ ಕಟ್ಟೆ ಮುಟ್ಟಿ ಅವರಿಗೂ ನನಗೂ ಸಣ್ಣ ಮಾತು ತರುತ್ತಿತ್ತು. ಅವತ್ತು ಅದು ಹರಿಯಲೇ ಇಲ್ಲ, ಒಂದೇ ಕಡೆ ಕೂಡಿ ಗುಳುಗುಳು ಎಂದು ಒಳಗೆ ಹೋಯಿತು. ಮಳೆಗಾಲದ ನೆಲ, ಎಲ್ಲೋ ಇಲಿ ತೋಡಿರಬೇಕೆಂದು ಚುಕ್ಕಿ ಇಡತೊಡಗಿದೆ. ನಾಲ್ಕನೆಯ ಸಾಲಿನ ಚುಕ್ಕಿ ಇಡುವಾಗ ಕೈಯ ಕೆಳಗಿನ ನೆಲ ಒಂದಿಷ್ಟು ತಗ್ಗಿದ ಹಾಗಾಯಿತು. ತಾಮ್ರದ ತಂಬಿಗೆಯ ಬುಡದಿಂದ ಕುಟ್ಟಿ ನೋಡಿದರೆ ಖಾಲಿ ಹರವಿಯನ್ನು ಬಡಿದಂಥ ಸಪ್ಪಳ.

ನಮ್ಮ ಮನೆಯವರನ್ನು ಎಬ್ಬಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಂದು, ರಂಗೋಲಿಯನ್ನು ನೋಡಿ, "ಚೊಲೋ ಬಂದದ" ಎಂದು ಒಳಗೆ ಹೋದರು. ಮಧ್ಯಾಹ್ನ ಮೂರರ ಹೊತ್ತಿಗೆ ಗ್ಯಾಸಿನ ಸಿಲಿಂಡರು ಹೊತ್ತು ಬಂದ ಗಾಡಿಯ ಹಿಂದಿನ ಗಾಲಿ ನನ್ನ ರಂಗೋಲಿಯ ನಡುಮಧ್ಯ ಕುಸಿದು ಕೂತಿತು. ಗಾಡಿಯ ಹುಡುಗನಿಗೆ ಏನೂ ಆಗಲಿಲ್ಲ, ಲಕ್ಷ್ಮಿ ದೊಡ್ಡವಳು. ಆದರೆ ಅರ್ಧ ಗಂಟೆ ಮೊದಲು ಅದೇ ಜಾಗದಲ್ಲಿ ಮೂರನೆಯ ಮನೆಯ ಕೂಸು ಚೆಂಡಾಡುತ್ತಿತ್ತು. ಗಾಡಿ ಎತ್ತಿದ ಮೇಲೆ ಕಂಡದ್ದು ದೊಡ್ಡ ಪರಾತದಷ್ಟು ಅಗಲದ ಕಪ್ಪು ಬಾಯಿ. ಅದರೊಳಗಿಂದ ಎದ್ದ ನಾತ ಎಂಥದೆಂದರೆ, ಜೀವನದಲ್ಲಿ ತತ್ತಿ ಮುಟ್ಟದ ನಾನು ಕೂಡ ಕೊಳೆತ ತತ್ತಿಯ ವಾಸನೆ ಇದೇ ಎಂದು ಗುರುತು ಹಿಡಿದೆ.

ಎರಡು ದಿನ ಬಿಟ್ಟು ಯಂತ್ರ ಬಂದು ಅಗೆಯಿತು. ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಮನೆಯ ಮುಂದೆಯೇ ತೆಗೆದದ್ದನ್ನು ನೋಡದಿದ್ದರೆ ಹೇಗೆ? ಒಂದೂವರೆ ಅಡಿ ಅಗಲದ ಕೊಳವೆ. ಹೊಲಸು ಹರಿಯುವ ತಳ ಸವೆದಿರಬೇಕು, ಮೇಲುಭಾಗ ಹೊಸದರಂತೆ ಇರಬೇಕು ಎಂದು ನನ್ನ ಎಣಿಕೆ. ಕಂಡದ್ದು ತಿರುಗಾಮುರುಗಾ. ತಳ ಕಲ್ಲಿನಂತೆ ಗಟ್ಟಿಯಾಗಿತ್ತು, ಯಂತ್ರದ ಹಲ್ಲು ತಾಗಿದರೆ ಠಣ್ ಎನ್ನುತ್ತಿತ್ತು. ಹೊಲಸು ಎಂದೂ ಮುಟ್ಟದ ನೆತ್ತಿಯೇ ಇರಲಿಲ್ಲ. ಅಳಿದುಳಿದ ಅಂಚು ಬೆಳ್ಳಗೆ, ಮೆತ್ತಗೆ, ಆಕಳು ಈದಾಗ ಮಾಡುವ ಗಿಣ್ಣದ ಹಾಗೆ. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಅದರ ನಡುವೆ ತುಕ್ಕು ಹಿಡಿದ ಕಬ್ಬಿಣದ ತಂತಿಗಳು ಮುದುಕರ ಪಕ್ಕೆಲುಬಿನಂತೆ ಹೊರಬಂದಿದ್ದವು.

ನನ್ನ ತಂಗಿಯ ಮಗಳು ವಿದ್ಯಾನಗರದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಾಳೆ. ಆ ವಾರ ನಮ್ಮಲ್ಲೇ ಇದ್ದಳು. ಇವಳು ಹುಡುಗಿಯಾಗಿ ಸಿವಿಲ್ ಯಾಕೆ ತೆಗೆದುಕೊಂಡಳೆಂದು ಇಡೀ ಬಳಗ ಗೊಣಗಿದಾಗ ನಾನೂ ಒಂದು ಮಾತು ಸೇರಿಸಿದ್ದೆ. ಈಗ ಆ ಮಾತನ್ನು ವಾಪಸು ತಗೊಳ್ಳುತ್ತೇನೆ. ಅವಳು ಕೈಗವಸು ಹಾಕಿಕೊಂಡು ಆ ಬಿಳಿ ಗಿಣ್ಣದ ಒಂದು ತುಣುಕು ತಂದು, ಕಾಲೇಜಿನಿಂದ ತಂದಿದ್ದ ಬಣ್ಣದ ಕಾಗದ ಒತ್ತಿದಳು. ಕಾಗದ ಕೆಂಪಗಾಯಿತು. "ದೊಡ್ಡವ್ವ, ಇದು ನಿಂಬಿಹಣ್ಣಿನಷ್ಟು ಹುಳಿ ಅದ" ಎಂದಳು.

"ಚರಂಡ್ಯಾಗ ಹುಳಿ ಯಾರು ಹಾಕಿದ್ರು? ನಾ ಸಂಡಾಸಕ್ಕ ಆ್ಯಸಿಡ್ ಹಾಕೂದು ಬಿಟ್ಟು ಎಷ್ಟೋ ವರ್ಷ ಆತು."

"ಯಾರೂ ಹಾಕಿಲ್ಲ. ಅಲ್ಲೇ ಹುಟ್ಟತದ."

ಅವಳು ಹೇಳಿದ್ದನ್ನು ನಾನು ನನ್ನ ಅಡಿಗೆಮನೆಯ ಬುದ್ಧಿಗೆ ತಕ್ಕಂತೆ ತಿಳಿದುಕೊಂಡೆ. ಮೊಸರು ಹುಳಿಯಾಗುವುದು ನಮಗೆ ಗೊತ್ತಿದ್ದದ್ದೇ: ಕಣ್ಣಿಗೆ ಕಾಣದ ಜೀವಿಗಳು ಹಾಲಿನ ಸಿಹಿ ತಿಂದು ಹುಳಿ ಬಿಡುತ್ತವೆ. ಕೊಳವೆಯೊಳಗೂ ಇಂಥದೇ ಕಾರಖಾನೆ ನಡೆಯುತ್ತದೆ, ಆದರೆ ಎರಡು ಪಾಳಿಯಲ್ಲಿ. ಮೊದಲ ಪಾಳಿಯವು ನೀರಿನ ಕೆಳಗಿನ ಲೋಳೆಯಲ್ಲಿ ಇರುತ್ತವೆ. ಅವಕ್ಕೆ ಗಾಳಿ ಆಗುವುದಿಲ್ಲ. ನಮ್ಮ ಮೈಯಿಂದ ಹೋದ ಹೊಲಸಿನಲ್ಲಿ, ಕುಡಿಯುವ ನೀರಿನಲ್ಲಿ, ಬಟ್ಟೆ ಒಗೆಯುವ ಪುಡಿಯಲ್ಲಿ ಸಲ್ಫೇಟ್ ಎಂಬ ಉಪ್ಪು ಇರುತ್ತದೆ. ಅದನ್ನು ಅವು ಸಲ್ಫೈಡ್ ಮಾಡುತ್ತವೆ. ಅದರಿಂದ ಏಳುವ ಅನಿಲವೇ ಹೈಡ್ರೋಜನ್ ಸಲ್ಫೈಡ್, ಕೊಳೆತ ತತ್ತಿಯ ನಾತದ್ದು. ಅದು ಮೇಲೇರಿ ಕೊಳವೆಯ ನೆತ್ತಿಗೆ ಮುಟ್ಟುತ್ತದೆ. ಅನ್ನ ಬೇಯುವ ಪಾತ್ರೆಯ ಮುಚ್ಚಳಕ್ಕೆ ಬೆವರು ಕೂಡುವಂತೆ ಅಲ್ಲಿ ಹನಿ ಕೂಡಿರುತ್ತದೆ. ಆ ಹನಿಯಲ್ಲಿ ಕಾದು ಕುಳಿತಿರುವವು ಎರಡನೆಯ ಪಾಳಿಯವು. ಥಯೋಬ್ಯಾಸಿಲಸ್ ಎಂದು ಅವುಗಳ ಹೆಸರು. ಇವಕ್ಕೆ ಗಾಳಿಯೂ ಬೇಕು, ಈ ನಾತವೂ ಬೇಕು. ಎರಡನ್ನೂ ಉಂಡು ಅವು ಮಾಡುವುದು ಗಂಧಕಾಮ್ಲ, ಬ್ಯಾಟರಿಯಲ್ಲಿ ಹಾಕುತ್ತಾರಲ್ಲ, ಅದೇ. ಆ ಹುಳಿ ಸಿಮೆಂಟಿನ ಸುಣ್ಣವನ್ನು ತಿಂದು ಜಿಪ್ಸಮ್ ಮಾಡುತ್ತದೆ. ನಾನು ಕಂಡ ಗಿಣ್ಣ ಅದು. ಕೆಟ್ಟ ಜಾಗದಲ್ಲಿ ವರ್ಷಕ್ಕೆ ಕೆಲವು ಮಿಲಿಮೀಟರ್ ಹೀಗೆ ಹೋಗುತ್ತದಂತೆ. ಬೆರಳಿನ ಉಗುರು ಬೆಳೆಯುವುದಕ್ಕಿಂತ ನಿಧಾನ, ಆದರೆ ಇಪ್ಪತ್ತು ವರ್ಷಕ್ಕೆ ಒಂದು ನೆತ್ತಿ.

ನನಗೆ ನಂಬಿಕೆ ಬರಲೆಂದು ಅವಳು ನನ್ನ ರಂಗೋಲಿಯ ಡಬ್ಬಿಯನ್ನೇ ತಂದಳು. ಒಂದು ಚಿಟಿಕೆ ಪುಡಿಯ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಎದ್ದಿತು. ಸುಣ್ಣದಕಲ್ಲಿನ ಪುಡಿಯಾದರೆ ಹೀಗೆ ನೊರೆಯುತ್ತದೆ. ಬೆಣಚುಕಲ್ಲಿನದಾದರೆ ಸುಮ್ಮನೆ ಇರುತ್ತದೆ, ನಿಮ್ಮ ಮನೆಯಲ್ಲೂ ನೋಡಬಹುದು. ನಲವತ್ತು ವರ್ಷ ದಿನಾ ಬೆಳಿಗ್ಗೆ ಕೈಯಲ್ಲಿ ಹಿಡಿದ ಪುಡಿ, ಅದರ ಸ್ವಭಾವ ಅವತ್ತು ತಿಳಿಯಿತು.

ಈ ಕಥೆಯಲ್ಲಿ ಆಸ್ಟ್ರೇಲಿಯಾ ದೇಶ ಎರಡು ಸಲ ಬರುತ್ತದೆ. ನಮ್ಮ ಗೌಂಡಿಗಳು "ಹ್ಯೂಮ್ ಪೈಪು" ಎನ್ನುತ್ತಾರಲ್ಲ, ಅದು ವಾಲ್ಟರ್ ಹ್ಯೂಮ್ ಎಂಬ ಆಸ್ಟ್ರೇಲಿಯಾದವನ ಹೆಸರು. ಅಚ್ಚನ್ನು ಗರಗರ ತಿರುಗಿಸಿ ಕಾಂಕ್ರೀಟಿನ ಕೊಳವೆ ಮಾಡುವ ಉಪಾಯ ಅವನು ತೋರಿಸಿದ್ದು 1910ರಲ್ಲಿ. ನಮ್ಮ ದೇಶದಲ್ಲಿ ಅದರ ಕಂಪನಿ 1926ರಲ್ಲಿ ಶುರುವಾಯಿತು. ಆ ಕೊಳವೆಯನ್ನು ತಿನ್ನುವುದು ಬರೀ ರಸಾಯನವಲ್ಲ, ಜೀವವಿರುವ ಸೂಕ್ಷ್ಮಾಣು ಎಂದು ಕಂಡುಹಿಡಿದದ್ದೂ ಆಸ್ಟ್ರೇಲಿಯಾದಲ್ಲೇ. ಮೆಲ್ಬರ್ನ್ ನಗರದ ಚರಂಡಿಗಳಲ್ಲಿ ಹುಡುಕಿ ಪಾರ್ಕರ್ ಎಂಬ ವಿಜ್ಞಾನಿ 1945ರಲ್ಲಿ ಅದನ್ನು ಪ್ರಕಟಿಸಿದ. ಕಾಂಕ್ರೀಟ್ ನುಂಗುವ ಜೀವಿ ಎಂಬ ಅರ್ಥದ ಹೆಸರನ್ನೇ ಅದಕ್ಕೆ ಇಟ್ಟ. ಅಮೆರಿಕದ ಲಾಸ್ ಏಂಜಲೀಸ್‌ನವರು ಇದರ ಕಾಟವನ್ನು 1900ರ ಹೊತ್ತಿಗೇ ಕಂಡಿದ್ದರು, ಕಾರಣ ಮಾತ್ರ ಸರಿಯಾಗಿ ಗೊತ್ತಿರಲಿಲ್ಲ. ಬಿಸಿಲಿನ ಊರುಗಳಿಗೆ ಈ ರೋಗ ಹೆಚ್ಚು. ಮೊಸರು ಬೇಸಿಗೆಯಲ್ಲಿ ಬೇಗ ಹುಳಿಯಾಗುವುದಿಲ್ಲವೇ? ಹಾಗೆ. ಲಂಡನ್ನಿನಲ್ಲಿ 1858ರ ಬೇಸಿಗೆಯ ಮಹಾನಾತದ ನಂತರ ಇಟ್ಟಿಗೆಯಿಂದ ಕಟ್ಟಿದ ಚರಂಡಿಗಳು ಇವತ್ತಿಗೂ ಹರಿಯುತ್ತಿವೆ. ಅಲ್ಲಿನ ತಂಪಿನ ಪುಣ್ಯವೂ ಅದರಲ್ಲಿ ಒಂದು ಪಾಲಿರಬೇಕು.

ಇದನ್ನು ತಡೆಯುವುದು ಹೇಗೆ ಎಂದು ಕೇಳಿದೆ. ಅವಳು ಪುಸ್ತಕ ತೆಗೆದಳು, ನಾನು ನನ್ನ ಅಜ್ಜಿಯನ್ನು ನೆನೆದೆ. ಅಜ್ಜಿ ಉಪ್ಪಿನಕಾಯಿಯನ್ನು ಯಾವತ್ತೂ ಜರ್ಮನ್ ಪಾತ್ರೆಯಲ್ಲಿ ಹಾಕಿದವಳಲ್ಲ, ಹಿತ್ತಾಳೆಯಲ್ಲಂತೂ ಇಲ್ಲವೇ ಇಲ್ಲ. ಅವಳದು ಚೀನಿ ಭರಣಿ. ಹುಳಿ ಮುಟ್ಟಿದರೂ ಕರಗದ ಮೆರುಗು ಅದರ ಒಳಮೈಗೆ. ಚರಂಡಿಯ ವಿದ್ಯೆಯಲ್ಲಿ ಮೊದಲ ಉಪಾಯವೂ ಇದೇ: ಮೆರುಗು ಕೊಟ್ಟು ಸುಟ್ಟ ಮಣ್ಣಿನ ಕೊಳವೆ. ಸಣ್ಣ ಓಣಿಗಳಲ್ಲಿ ಹಿಂದೆ ಅವನ್ನೇ ಹಾಕುತ್ತಿದ್ದರು, ಅವು ಹುಳಿಗೆ ಜಗ್ಗುವುದಿಲ್ಲ. ಆದರೆ ಅಗಲ ಹೆಚ್ಚಿದಂತೆ ಮಣ್ಣಿನದು ತೂಕ, ದುಬಾರಿ, ಬೇಗ ಒಡೆಯುವಂಥದು. ಅದಕ್ಕೇ ಮುಖ್ಯ ಮಾರ್ಗಗಳಿಗೆ ಕಾಂಕ್ರೀಟ್ ಬಂತು. ಕಾಂಕ್ರೀಟೇ ಹಾಕುವುದಾದರೆ ಒಳಗೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಬೇಕು, ಅಥವಾ ಹುಳಿ ತಡೆಯುವ ಅಲ್ಯೂಮಿನಾ ಸಿಮೆಂಟು ಬಳಸಬೇಕು. ಇನ್ನೊಂದು ಜಾಣತನವೂ ಇದೆ. ಕಾಂಕ್ರೀಟಿಗೆ ಗಟ್ಟಿ ಕರಿಕಲ್ಲಿನ ಖಡಿ ಬದಲು ಸುಣ್ಣದಕಲ್ಲಿನ ಖಡಿ ಹಾಕುವುದು. ಹುಳಿಗೆ ತಿನ್ನಲು ಹೆಚ್ಚು ಸುಣ್ಣ ಸಿಕ್ಕಿದರೆ ಕೊಳವೆ ಅಷ್ಟು ಹೆಚ್ಚು ವರ್ಷ ಬಾಳುತ್ತದೆ. ಮೆತ್ತನೆಯ ಕಲ್ಲು ಗಟ್ಟಿಕಲ್ಲಿಗಿಂತ ಹೆಚ್ಚು ತಡೆಯುತ್ತದೆ ಎಂದಾಗ ನಮ್ಮ ಮನೆಯವರ ಕಡೆ ನೋಡಿದೆ. ಅವರು ಪೇಪರು ಓದುತ್ತಿದ್ದರು.

ನನಗೆ ಎಲ್ಲಕ್ಕಿಂತ ಸೇರಿದ್ದು ಲಾಸ್ ಏಂಜಲೀಸ್‌ನವರ ಉಪಾಯ. ದೊಡ್ಡ ಚರಂಡಿಗಳ ನೆತ್ತಿಗೆ ಅವರು ಮೆಗ್ನೀಷಿಯಮ್ ಹೈಡ್ರಾಕ್ಸೈಡಿನ ಬಿಳಿ ತಿಳಿಯನ್ನು ಸಿಂಪಡಿಸುತ್ತಾರೆ. ಏನದು ಎಂದರೆ, ನಮ್ಮ ಮಾವನವರು ಹೊಟ್ಟೆಯ ಹುಳಿಗೆ ಊಟವಾದ ಮೇಲೆ ಎರಡು ಚಮಚ ಕುಡಿಯುತ್ತಿದ್ದ ಬಿಳಿ ಔಷಧಿ, ಅದೇ! ಹುಳಿಯನ್ನೂ ಮುರಿಯುತ್ತದೆ, ಆ ಜೀವಿಗಳನ್ನೂ ಅಡಗಿಸುತ್ತದೆ. ಕೆಲಕಾಲವಾದ ಮೇಲೆ ಮತ್ತೆ ಹೊಡೆಯಬೇಕು. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಚರಂಡಿಗೂ ಬಳಿಯುತ್ತಾರೆ ಎಂದು ಎದುರುಮನೆಯವರಿಗೆ ಹೇಳಿದೆ. ಅವರು ನಗಲಿಲ್ಲ. "ನಮ್ಮ ಮನಿಗೇ ಎರಡು ವರ್ಷ ಆತು ಬಳಿದಿಲ್ಲ" ಎಂದರು.

ಇವೆಲ್ಲ ಎಂಜಿನಿಯರುಗಳ ಪಾಲಿನದು. ಆದರೆ ಬೇರಿನ ಉಪಾಯ ಇದಕ್ಕಿಂತ ಸರಳ: ಹೊಲಸು ನಿಲ್ಲಬಾರದು, ಹರಿಯುತ್ತಿರಬೇಕು. ನಿಂತರೆ ಲೋಳೆ ದಪ್ಪವಾಗುತ್ತದೆ, ನೀರಿನಲ್ಲಿದ್ದ ಗಾಳಿ ಮುಗಿಯುತ್ತದೆ, ಮೊದಲ ಪಾಳಿಯವಕ್ಕೆ ಹಬ್ಬ. ಕೊಳವೆಯಲ್ಲಿ ದಿನಕ್ಕೊಮ್ಮೆಯಾದರೂ ಸೆಕೆಂಡಿಗೆ 0.6 ಮೀಟರ್ ವೇಗ ಬರಬೇಕೆಂದು ಒಳಚರಂಡಿ ಕಟ್ಟುವವರ ಲೆಕ್ಕ. ನಮ್ಮ ಅತ್ತೆಯವರು ಕೋಲೂರಿಕೊಂಡು ಗುಡಿಗೆ ಹೋಗುವ ವೇಗ, ಹೆಚ್ಚೇನಲ್ಲ. ನಮ್ಮ ಓಣಿಯಲ್ಲಿ ಅಷ್ಟೂ ಇರಲಿಲ್ಲ. ಒಂದು, ನೆಲ. ಧಾರವಾಡದ ಕಡೆ ಕೆಂಪು ಮಣ್ಣು, ಹುಬ್ಬಳ್ಳಿಯ ಕಡೆ ಎರಿ. ನಮ್ಮ ಮನೆಯ ಮುಂದಿನದು ಎರಿಯೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಮಲಗಿಸಿದ ಕೊಳವೆ ನಡುವೆ ಬಾಗಿ, ಹೊಲಸು ಬಾಗಿದಲ್ಲೇ ಮಡುಗಟ್ಟಿತ್ತು. ಇನ್ನೊಂದು, ನೀರು. ಈ ಅವಳಿ ನಗರದ ಹೆಣ್ಣುಮಕ್ಕಳಿಗೆ ನೀರಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನೀರಸಾಗರ ತುಂಬಿತೇ, ಮಲಪ್ರಭೆಯ ಪೈಪು ಒಡೆಯಿತೇ, ಇದೇ ನಮ್ಮ ಪಂಚಾಂಗವಾಗಿತ್ತು. 2008ರ ಹೊತ್ತಿಗೆ ನಗರದ ಕೆಲವು ಭಾಗಗಳಿಗೆ ದಿನದ 24 ಗಂಟೆಯೂ ನೀರು ಬಂದಾಗ ಉಳಿದವರು ಅವರನ್ನು ಸಾಹುಕಾರರಂತೆ ನೋಡಿದೆವು. ವಾರಕ್ಕೊಮ್ಮೆ ಬಂದ ನೀರನ್ನು ಹಂಡೆ, ಬಿಂದಿಗೆ, ಕೊನೆಗೆ ಸಾರಿನ ಪಾತ್ರೆಯಲ್ಲೂ ತುಂಬಿಟ್ಟವರು ನಾವು. ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ, ಸಂಡಾಸಕ್ಕೆ ಅರ್ಧ ಬಕೆಟ್ಟು. ಕೊಳವೆಗೆ ಹೋಗುತ್ತಿದ್ದದ್ದು ದಪ್ಪನೆಯ ಹೊಲಸು ಮಾತ್ರ. ನಮ್ಮ ಜಾಣ ಸಂಸಾರವೇ ಅಲ್ಲಿ ಮಡುಗಟ್ಟಿ ನಿಂತಿತ್ತು ಎಂದು ಕೇಳಿ ಬೇಜಾರಾಯಿತು. ಹಾಗೆಂದು ನೀರು ಚೆಲ್ಲಲು ಆಗುತ್ತದೆಯೇ? ಅದಕ್ಕೆ ಉತ್ತರ ಇಳಿಜಾರು ಸರಿಯಾಗಿ ಕೊಟ್ಟು ಕೊಳವೆ ಹಾಕುವುದು, ಆಗಾಗ ಯಂತ್ರದ ನೀರಿನ ಜೋರಿನಿಂದ ಲೋಳೆ ತೊಳೆಯುವುದು. ನಮ್ಮ ಕೈಯಲ್ಲಿರುವುದು ಕರಿದ ಎಣ್ಣೆ, ಹುಳಿಬಂದ ಹಿಟ್ಟು, ಬಟ್ಟೆಯ ಚೂರು, ಕೂದಲು ಇವನ್ನು ಅದರೊಳಗೆ ಬಿಡದಿರುವುದು.

ಎರಡನೆಯ ಪಾಳಿಯವಕ್ಕೆ ತೇವ ಬೇಕು, ಕೂಡಿಟ್ಟ ನಾತ ಬೇಕು. ಕೊಳವೆಯೊಳಗೆ ಗಾಳಿ ಓಡಾಡಿದರೆ ನೆತ್ತಿ ಒಣಗುತ್ತದೆ, ನಾತ ಚದುರುತ್ತದೆ. ಅದಕ್ಕೆಂದೇ ಪ್ರತಿ ಮನೆಯ ಸಂಡಾಸದ ಕೊಳವೆಯನ್ನು ಮಾಳಿಗೆಗಿಂತ ಎತ್ತರಕ್ಕೆ ಒಯ್ದು ಬಾಯಿ ತೆರೆದು ಬಿಟ್ಟಿರುತ್ತಾರೆ. ಗಾಳಿ ಪೈಪು.

ಇಲ್ಲಿ ನಾನು ಸುಮ್ಮನಾದೆ. ನಮ್ಮ ಗಾಳಿ ಪೈಪಿನ ಬಾಯಿಗೆ ಮುಚ್ಚಳ ಇತ್ತು. ಹಾಕಿಸಿದವಳು ನಾನೇ.

ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಹಾಕುವ ಜಾಗಕ್ಕೆ ಸಂಜೆಯ ಗಾಳಿಯಲ್ಲಿ ನಾತ ಬರುತ್ತದೆಂದು, ಮಗಳ ಮದುವೆಯ ಮುಂದೆ ಪೈಪನ್ನು ಅರ್ಧಕ್ಕೆ ಕೊಯ್ಸಿ ಬಾಯಿ ಬಿಗಿಸಿದ್ದೆ. ನನ್ನನ್ನು ನೋಡಿ ಎಡಮನೆಯವರೂ, ಅವರನ್ನು ನೋಡಿ ಮುಂದಿನವರೂ ಬಿಗಿಸಿದರು. ಓಣಿಯ ಹೆಂಗಸರು ನನ್ನ ಉಪಾಯವನ್ನು ಹೊಗಳಿದ್ದರು. ಈಗ ಹುಡುಗಿ ಮಾಳಿಗೆಗೆ ಹೋಗಿ ಒಂದೊಂದೇ ಮನೆಯ ತಲೆ ಎಣಿಸಿ ಬಂದಳು. "ನಿನ್ನ ಒಂದು ಮುಚ್ಚಳದಿಂದ ರಸ್ತೆ ಕುಸೀಲಿಲ್ಲ ಬಿಡು. ಇಳಿಜಾರೇ ತಪ್ಪೇದ. ಆದರ ಹನ್ನೆರಡು ಮನ್ಯಾಗ ಒಂಬತ್ತು ಮುಚ್ಯಾವ" ಎಂದಳು. ಸಮಾಧಾನ ಹೇಳಿದಳೋ, ಚುಚ್ಚಿದಳೋ ತಿಳಿಯಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಇನ್ನೊಂದು ವಿಷಯ ಹೇಳಿದೆ. ಇಪ್ಪತ್ತು ವರ್ಷದ ಹಿಂದಿನದು. ನಮ್ಮ ಗೇಟಿನ ಪಕ್ಕದ ಗುಂಡಿ ಕಟ್ಟಿಕೊಂಡು ಹೊಲಸು ಅಂಗಳಕ್ಕೆ ಉಕ್ಕಿತ್ತು. ಮರುದಿನ ಮನೆಗೆ ಬೀಗರು ಬರುವವರು. ಯಾರೋ ಹೇಳಿದರೆಂದು ಒಬ್ಬನನ್ನು ಕರೆಸಿದೆ. ಇನ್ನೂರು ರೂಪಾಯಿ ಮಾತಾಯಿತು. ಮುಚ್ಚಳ ತೆಗೆದು, ಸೊಂಟಕ್ಕೆ ಹಗ್ಗವೂ ಇಲ್ಲದೆ ಅವನು ಒಳಗೆ ಇಳಿದ. ಕೈಯಿಂದಲೇ ಹೊಲಸು ತೆಗೆದು ಬುಟ್ಟಿಗೆ ತುಂಬಿ ಕೊಡುತ್ತಿದ್ದ. ನಾನು ಸೆರಗನ್ನು ಮೂಗಿಗೆ ಒತ್ತಿ ದೂರ ನಿಂತಿದ್ದೆ. "ನಾತ ಭಾಳ ಅದ ಏನಪಾ?" ಎಂದು ಕೇಳಿದೆ, ಏನೋ ಒಂದು ಉಪಚಾರಕ್ಕೆ. ಅವನು ಒಳಗಿನಿಂದಲೇ, "ಮೊದಲ ಇತ್ರಿ ಬಾಯಾರ, ಈಗ ನಾತ ನಿಂತು ಹೋತ್ರಿ" ಎಂದ. ಸದ್ಯ, ಸ್ವಚ್ಛ ಆಗುತ್ತಿದೆ ಎಂದುಕೊಂಡೆ. ಅದೇ ಹೊತ್ತಿಗೆ ಅವನ ಜೊತೆಗೆ ಬಂದಿದ್ದ ಮುದುಕ ಓಡಿಬಂದು ಅವನ ರೆಟ್ಟೆ ಹಿಡಿದು ಎಳೆದು ಮೇಲೆ ಹಾಕಿದ. ಅವನಿಗೆ ನಿಲ್ಲಲು ಬರಲಿಲ್ಲ. ಕಟ್ಟೆಗೆ ಒರಗಿ ಕೂತ. ಕಣ್ಣು ಕೆಂಡದಂತಾಗಿದ್ದವು, ಒಂದೇ ಸಮನೆ ವಾಂತಿ ಮಾಡಿದ. ನೀರು ಕೇಳಿದ. ಹಿತ್ತಲ ಕಿಟಕಿಯಲ್ಲಿ ಬೇರೆ ಇಟ್ಟಿದ್ದ ಸ್ಟೀಲಿನ ಲೋಟ ಇತ್ತು. ಅದರಲ್ಲಿ ಮೇಲಿನಿಂದ ಹೊಯ್ದು ಕೊಟ್ಟೆ. ಅವನು ಕುಡಿದು, ಲೋಟವನ್ನು ತಾನೇ ತೊಳೆದು ಬೋರಲು ಹಾಕಿ, ಸಂಜೆಯ ತನಕ ಅಲ್ಲೇ ಕೂತು ಎದ್ದು ಹೋದ. ಇನ್ನೂರರ ಮೇಲೆ ಐವತ್ತು ಹೆಚ್ಚು ಕೊಟ್ಟೆನೆಂದು ಬಹಳ ದಿನ ಸಮಾಧಾನವಿತ್ತು.

ಹುಡುಗಿ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. "ನಾತ ನಿಂತು ಹೋತು ಅಂದ್ನಾ?" ಎಂದು ಎರಡು ಸಲ ಕೇಳಿದಳು.

ಆ ಮೇಲೆ ಅವಳು ಹೇಳಿದ್ದು ಇದು. ಆ ಅನಿಲ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ. ನಮಗೆ ಅಂಗಳದಲ್ಲಿ ಬರುವುದು ಅಷ್ಟೇ, ಅಸಹ್ಯ ಅಷ್ಟೇ. ಆದರೆ ಅದು ನೂರು ಭಾಗ ಮುಟ್ಟಿದರೆ ಮೂಗಿನ ನರ ಮರಗಟ್ಟುತ್ತದೆ. ನಾತವೇ ಇಲ್ಲ ಎನಿಸುತ್ತದೆ. ಐದುನೂರು ದಾಟಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಬೀಳುತ್ತಾನೆ. ಸಾವಿರ ಮುಟ್ಟಿದರೆ ಒಂದೆರಡು ಉಸಿರು. ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮೂರನೆಯವನು. 2017ರ ಮಾರ್ಚಿಯಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಒಂದೇ ಗುಂಡಿಯಲ್ಲಿ ಮೂವರು ಹೋದರು. ಆ ಸುದ್ದಿಯನ್ನು ನಾನೂ ಓದಿದ್ದೆ, ಓದಿ ಪುಟ ಮಗುಚಿದ್ದೆ. ಕೊಳವೆಯ ನೆತ್ತಿ ತಿಂದ ಅನಿಲವೂ ಅವರನ್ನು ತಿಂದದ್ದೂ ಒಂದೇ ಎಂದು ಯಾರಾದರೂ ಹೇಳಿದ್ದರೆ ಬೇರೆ ಥರ ಓದುತ್ತಿದ್ದೆನೇನೋ.

ಇದಕ್ಕೆ ಕಾಯಿದೆ ಇಲ್ಲವೆಂದಲ್ಲ. 1993ರಲ್ಲಿ ಒಂದು ಬಂತು, ಮಲ ಹೊರುವುದನ್ನೂ ಒಣ ಪಾಯಖಾನೆಗಳನ್ನೂ ನಿಷೇಧಿಸುವುದು. 2013ರಲ್ಲಿ ಬಂದ ಇನ್ನೊಂದು ಕಾಯಿದೆ ರಕ್ಷಣೆಯ ಸಾಧನವಿಲ್ಲದೆ ಚರಂಡಿಗೆ ಮನುಷ್ಯನನ್ನು ಇಳಿಸುವುದನ್ನೇ ಅಪರಾಧ ಮಾಡಿತು. ಇಳಿಸಿದವರು ಸರಕಾರದವರೇ ಆಗಬೇಕೆಂದಿಲ್ಲ, ಮನೆಯ ಯಜಮಾನಿ ಕರೆಸಿದರೂ ಅಪರಾಧವೇ. ಸತ್ತವರ ಮನೆಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಇದರ ಹಿಂದೆ ವರ್ಷಗಟ್ಟಲೆ ಓಡಾಡಿದ ಬೆಜವಾಡ ವಿಲ್ಸನ್ ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು, ಅದೇ ಕೆಲಸ ಮಾಡುತ್ತಿದ್ದ ಮನೆತನದವರು. ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚಿನ್ನ ತೆಗೆಯುವ ಊರಿನಲ್ಲಿ ಬುಟ್ಟಿಯಲ್ಲಿ ಮಲ ಹೊರುತ್ತಿದ್ದರು ಎಂದರೆ ನನ್ನ ಅತ್ತೆಯವರು, "ಎಲ್ಲಾ ಊರಾಗೂ ಹೊರತಿದ್ರವಾ, ನಮ್ಮ ಹಿತ್ತಲ ಬಾಗಿಲಕ್ಕೂ ಬರತಿದ್ಲು ಒಬ್ಬಾಕಿ" ಎಂದರು. ಅವಳ ಹೆಸರೇನು ಎಂದು ಕೇಳಿದೆ. ಅತ್ತೆಯವರಿಗೆ ಗೊತ್ತಿರಲಿಲ್ಲ. ನನಗೂ ನನ್ನ ಗುಂಡಿಗೆ ಇಳಿದವನ ಹೆಸರು ಗೊತ್ತಿಲ್ಲ. ಮುಖ ಗುರುತಿದೆ. ನವನಗರದ ಸಂತೆಯಲ್ಲಿ, ಎಪಿಎಂಸಿಯ ಕಡೆ ಹೋದಾಗ, ಆ ವಯಸ್ಸಿನವರನ್ನು ಕಂಡರೆ ಈಗ ಒಂದು ಕ್ಷಣ ನೋಡುತ್ತೇನೆ.

ಹೊಸ ಕೊಳವೆ ಹಾಕಲು ಹದಿನೆಂಟು ದಿನ ಹಿಡಿಯಿತು. ಈ ಸಲ ಪ್ಲಾಸ್ಟಿಕ್ಕಿನದು, ಒಳಮೈ ನುಣುಪು, ಹೊರಗೆ ಬಳೆ ಬಳೆಯಾಗಿರುವುದು. ಹುಡುಗಿ ತಗ್ಗಿನ ಅಂಚಿಗೆ ನಿಂತು ಇಳಿಜಾರು ಎಷ್ಟಿಟ್ಟಿರಿ, ಕೆಳಗೆ ಉಸುಕು ಎಷ್ಟು ಹಾಸಿದಿರಿ, ಎರಿ ಮಣ್ಣನ್ನೇ ಮತ್ತೆ ತುಂಬುತ್ತೀರಾ ಎಂದು ಕೇಳಿ ಕೇಳಿ ಆ ಕೆಲಸದ ಮೇಲ್ವಿಚಾರಕನಿಗೆ ಬೇಸರ ಬರಿಸಿದಳು. ಮೊದಲು "ಅಕ್ಕಾರ, ಒಳಗ ನಡೀರಿ, ಧೂಳ ಅದ" ಎನ್ನುತ್ತಿದ್ದವನು ನಾಲ್ಕನೆಯ ದಿನದಿಂದ ಮಟ್ಟದ ಕೋಲು ಇಟ್ಟು ತೋರಿಸತೊಡಗಿದ. ಕಟ್ಟಿಕೊಂಡ ಹಳೆಯ ಗುಂಡಿಗಳಿಗೆ ಯಂತ್ರದ ಗಾಡಿಯೇ ಬಂತು, ಯಾರೂ ಇಳಿಯಲಿಲ್ಲ. ಗಾಡಿಯ ಕೆಲಸಗಾರರು ಮಧ್ಯಾಹ್ನ ಚಹಾ ಕುಡಿದದ್ದು ನಮ್ಮ ಪಡಸಾಲೆಯಲ್ಲಿ, ನಾವು ಕುಡಿಯುವ ಕಪ್ಪಿನಲ್ಲಿ. ಅತ್ತೆಯವರು ಒಂದು ಮಾತು ಆಡಲಿಲ್ಲ. ಅವರ ಚಹಾ ತಣ್ಣಗಾಗುವ ತನಕ ಅವರು ಕಪ್ಪು ಮುಟ್ಟಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಳದವನನ್ನು ಕರೆಸಿ ಗಾಳಿ ಪೈಪಿನ ಮುಚ್ಚಳ ತೆಗೆಸಿದೆ. ಬರೀ ತೆಗೆದರೆ ಸಂಡಿಗೆಯ ಜಗಳ ಮತ್ತೆ ಏಳುತ್ತದೆಂದು, ಮಾಳಿಗೆಯ ಕಟ್ಟೆಗಿಂತ ಒಂದಾಳು ಎತ್ತರ ಪೈಪು ಏರಿಸಿ, ತುದಿಗೆ ಸೊಳ್ಳೆ ಹೋಗದಂತೆ ಜಾಳಿಗೆ ಕಟ್ಟಿಸಿದೆ. ಬಳಸದ ಕೆಳಗಿನ ಬಚ್ಚಲಿನ ಜಾಳಿಗೆಗೆ ವಾರಕ್ಕೊಂದು ತಂಬಿಗೆ ನೀರು ಹಾಕಲು ಹುಡುಗಿ ಹೇಳಿದ್ದಾಳೆ. ಅದರ ಕೆಳಗಿನ ಬಾಗಿನಲ್ಲಿ ನಿಂತಿರಬೇಕಾದ ನೀರು ಆರಿದರೆ ನಾತ ಸೀದಾ ಮನೆಯೊಳಗೇ ಬರುತ್ತದಂತೆ. ಇಷ್ಟು ವರ್ಷ ಆ ನಾತಕ್ಕೆ ಊದುಬತ್ತಿ ಹಚ್ಚುತ್ತಿದ್ದೆ.

ಪೈಪು ಏರಿದ ಮರುದಿನವೇ ಎಡಮನೆಯವರು ಕೇಳಿದರು, "ಏನ್ರಿ ಇದು, ಮಾಳಿಗಿ ಮ್ಯಾಲೆ ಕೊಂಬು ಹುಟ್ಟೇದಲ್ಲ!" ಕೂಡಿಸಿ ಎಲ್ಲ ಹೇಳಿದೆ. ನಿಂಬೆಹಣ್ಣು ಕೊಯ್ದು ರಂಗೋಲಿಯ ಮೇಲೆ ಹಿಂಡಿಯೂ ತೋರಿಸಿದೆ. ಅವರು ನೊರೆ ನೋಡಿ, "ಹಂಗಾರ ನಮ್ಮದೂ ತಗಸಬೇಕೇನು?" ಎಂದರು. ಆ ಭಾನುವಾರ ನಾಲ್ಕು ಮನೆಯವರು ಒಟ್ಟಿಗೆ ನಳದವನನ್ನು ಕರೆಸಿದರು, ಮಜೂರಿಯಲ್ಲಿ ನೂರು ರೂಪಾಯಿ ಬಿಡಿಸಿದರು. ಇನ್ನು ನಾಲ್ಕು ಉಳಿದಿವೆ. ಅವುಗಳಲ್ಲಿ ಒಂದು ನಮ್ಮ ನಾದಿನಿಯದೇ ಮನೆ. ಅವಳ ಮಗಳ ನಿಶ್ಚಯ ಮಾರ್ಗಶಿರದಲ್ಲಿದೆ, ಅದು ಮುಗಿಯುವವರೆಗೆ ಆ ಮಾತು ತೆಗೆಯಬೇಡ ಎಂದು ಹೇಳಿದ್ದಾಳೆ.